ಬೆಳಿಗ್ಗೆ 5.30ಕ್ಕೆ ಗೇಮ್ 7: ಕೊಡಗಿನ ಪೇಸರ್ಸ್ ಫ್ಯಾನ್ ಒಬ್ಬನ ಮಳೆಗಾಲ

ನಮ್ಮದೊಂದು ಕಾಫಿ ಕಣ ಇದೆ. ಅಲ್ಲಿ ಸಿಲ್ವರ್ ಮರಕ್ಕೆ ಮೊಳೆ ಹೊಡೆದು ಒಂದು ಬ್ಯಾಸ್ಕೆಟ್‌ಬಾಲ್ ರಿಂಗ್ ಕೂರಿಸಿದ್ದೇವೆ, ನೆಟ್ ಕೊಳೆತು ಬಿದ್ದು ಎರಡು ಮಳೆಗಾಲ ಆಯಿತು. ಡಿಸೆಂಬರ್‌ನಲ್ಲಿ ಕಾಫಿ ಹರವಿದರೆ ಆಟ ಬಂದ್, ಜೂನ್ ಬಂದರೆ ಪಾಚಿ ಕಟ್ಟಿ ಕಾಲು ಜಾರುತ್ತದೆ. ಹಾಗಾಗಿ ನಾನು ಆಡುವುದು ಕಡಿಮೆ, ನೋಡುವುದು ಜಾಸ್ತಿ.

ಪೊನ್ನಂಪೇಟೆ ಕಡೆ ಕೂತುಕೊಂಡು ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಇಂಡಿಯಾನಾ ಪೇಸರ್ಸ್ ಫ್ಯಾನ್ ಅಂದರೆ ಜನ ನಗುತ್ತಾರೆ. ಇದು ಹಾಕಿ ಜಿಲ್ಲೆ, ಅಲ್ವಾ? 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬಕ್ಕೆ 2025ರಲ್ಲಿ ಮಡಿಕೇರಿಯಲ್ಲಿ 396 ಕುಟುಂಬಗಳ ತಂಡ ಬಂದಿದ್ದವು. ನಮ್ಮ ದೊಡ್ಡಪ್ಪನಿಗೂ ಆಟ ಅಂದರೆ ಹಾಕಿ, ಮಿಕ್ಕಿದ್ದೆಲ್ಲ ಟೈಮ್ ಪಾಸ್.

ನಾನು ಈ ತಂಡಕ್ಕೆ ಬಿದ್ದಿದ್ದು ಟೈರೀಸ್ ಹ್ಯಾಲಿಬರ್ಟನ್‌ನಿಂದ. 2022ರ ಫೆಬ್ರುವರಿಯಲ್ಲಿ ಸ್ಯಾಕ್ರಮೆಂಟೊದವರು ಅವನನ್ನು ಇಂಡಿಯಾನಾಗೆ ಬಿಟ್ಟುಕೊಟ್ಟರು. ಅವನು ಶೂಟ್ ಮಾಡುವ ರೀತಿ ನೋಡಿದ್ದೀರಾ? ಎದೆ ಹತ್ತಿರದಿಂದ ಬಾಲ್ ತಳ್ಳುತ್ತಾನೆ, ಯಾವ ಕೋಚ್ ನೋಡಿದರೂ ಬೈಯುವಂಥದ್ದು. ನನ್ನದೂ ಹಾಗೇ. ಅವನದು ಒಳಗೆ ಬೀಳುತ್ತದೆ, ಅಷ್ಟೇ ವ್ಯತ್ಯಾಸ.

2024-25ರ ಸೀಸನ್‌ನಲ್ಲಿ ಮೊದಲ 25 ಪಂದ್ಯದಲ್ಲಿ ಗೆದ್ದಿದ್ದು 10. ನಾನೇ ಕೈಬಿಟ್ಟಿದ್ದೆ. ಆಮೇಲೆ ಹೇಗೋ 82ಕ್ಕೆ 50 ಗೆದ್ದು ಪ್ಲೇಆಫ್‌ಗೆ, ಅಂದರೆ ನಾಕೌಟ್ ಹಂತಕ್ಕೆ ಬಂದರು. ಅಲ್ಲಿ ಒಬ್ಬೊಬ್ಬ ಎದುರಾಳಿ ಜೊತೆಗೂ ಏಳು ಪಂದ್ಯದ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಅಲ್ಲಿ ಮಿಲ್ವಾಕಿ, 64 ಪಂದ್ಯ ಗೆದ್ದು ಬಂದಿದ್ದ ಕ್ಲೀವ್‌ಲ್ಯಾಂಡ್, ಕೊನೆಗೆ ನ್ಯೂಯಾರ್ಕ್, ಮೂವರನ್ನೂ ಮನೆಗೆ ಕಳಿಸಿದರು. ಅದರಲ್ಲಿ ಎಷ್ಟೋ ಪಂದ್ಯ ಕೊನೇ ಕ್ಷಣದಲ್ಲಿ ಗೆದ್ದಿದ್ದು, ಹಾಗಾಗಿ ಎಲ್ಲರೂ ಒಂದೇ ರಾಗ: ಲಕ್, ಲಕ್, ಲಕ್.

ನನಗೆ ಮೈ ಉರಿಯುವುದು ಅಲ್ಲೇ.

ನ್ಯೂಯಾರ್ಕ್ ವಿರುದ್ಧದ ಗೇಮ್ 1 ತಗೊಳ್ಳಿ. ಮೂರು ನಿಮಿಷಕ್ಕಿಂತ ಕಡಿಮೆ ಇರುವಾಗ ನಾವು 14 ಪಾಯಿಂಟ್ ಹಿಂದೆ. ನಮ್ಮ ಆರನ್ ನೆಸ್ಮಿತ್ ನಾಲ್ಕನೇ ಕ್ವಾರ್ಟರ್ ಒಂದರಲ್ಲೇ 6 ತ್ರೀ (ದೂರದಿಂದ ಹಾಕುವ ಮೂರು ಪಾಯಿಂಟ್‌ನ ಶಾಟ್) ಹಾಕಿದ, ಓವರ್‌ಟೈಮ್‌ನಲ್ಲಿ 138-135ಕ್ಕೆ ಗೆದ್ದೆವು. ಒಂದು ಬಿದ್ದರೆ ಲಕ್ ಅನ್ನಿ, ಆರೂ ಲಕ್ಕಾ? ಕೋಚ್ ರಿಕ್ ಕಾರ್ಲೈಲ್ ಒಂಬತ್ತು ಹತ್ತು ಜನರನ್ನು ತಿರುಗಿಸಿ ತಿರುಗಿಸಿ ಆಡಿಸುತ್ತಾರೆ. ಎದುರಿನವರು ಬ್ಯಾಸ್ಕೆಟ್ ಹಾಕಿದರೂ ಸರಿ, ಇವರು ಬಾಲ್ ತೆಗೆದುಕೊಂಡು ಓಡುತ್ತಾರೆ. 40 ನಿಮಿಷ ಹಾಗೆ ಓಡಿಸಿದರೆ ಯಾರ ಕಾಲೂ ಸೋಲುತ್ತದೆ. ಕೊನೇ ಕ್ಷಣದ ಗೆಲುವು ಮೊದಲ ಕ್ವಾರ್ಟರ್‌ನಿಂದಲೇ ಶುರುವಾಗಿರುತ್ತದೆ.

ಜೂನ್ 6, ಒಕ್ಲಹೋಮ ಸಿಟಿ ಥಂಡರ್ ಜೊತೆ ಫೈನಲ್ಸ್ ಗೇಮ್ 1. ನಮಗೆ ಬೆಳಿಗ್ಗೆ 6 ಗಂಟೆ. ರಾತ್ರಿಯೇ ಕರೆಂಟ್ ಹೋಗಿತ್ತು, ಇನ್ವರ್ಟರ್ ಕೀ ಕೀ ಅಂತ ಕೂಗಿ ಸುಮ್ಮನಾಯಿತು, ಉಳಿದಿದ್ದು ಫೋನ್. ಮೊದಲರ್ಧದಲ್ಲೇ ನಮ್ಮವರು 19 ಸಲ ಬಾಲ್ ಕಳೆದುಕೊಂಡಿದ್ದರು, ಆದರೂ ಕೊನೆಗೆ 110-109, ನಾವು ಒಂದೇ ಪಾಯಿಂಟ್ ಹಿಂದೆ. ಥಂಡರ್‌ನ ಶೇ ಗಿಲ್ಜಸ್ ಅಲೆಕ್ಸಾಂಡರ್ ಮಿಸ್ ಮಾಡಿದ, ಬಾಲ್ ನಮ್ಮ ಕೈಗೆ ಬಂತು, ಹ್ಯಾಲಿಬರ್ಟನ್ ಓಡಿ ಬರುತ್ತಿದ್ದಾನೆ... ಪರದೆ ಮೇಲೆ ಆ ಚಕ್ರ ತಿರುಗಲು ಶುರು. ಕೊಡೆ ಹಿಡಿದು ಗೇಟ್‌ಗೆ ಓಡಿದೆ, ನಮಗೆ ಸಿಗ್ನಲ್ ಸಿಗುವುದು ಅಲ್ಲೇ. 111-110! 0.3 ಸೆಕೆಂಡ್ ಇರುವಾಗ ಹಾಕಿದ್ದಾನೆ, ಇಡೀ ಪಂದ್ಯದಲ್ಲಿ ನಾವು ಮುಂದೆ ಇದ್ದದ್ದೇ ಆ 0.3 ಸೆಕೆಂಡ್. ಮಳೆಯಲ್ಲಿ ಒಬ್ಬನೇ ಕೂಗಿಕೊಂಡೆ, ಒಳಗೆ ಬಂದು ನೋಡಿದರೆ ಕಾಲಲ್ಲಿ ಮೂರು ಜಿಗಣೆ.

ಜೂನ್ 23, ಗೇಮ್ 7, ಕಪ್ ಯಾರಿಗೆ ಅಂತ ತೀರ್ಮಾನ ಆಗುವ ಕೊನೇ ಪಂದ್ಯ. 5.30ಕ್ಕೆ ದೊಡ್ಡಪ್ಪ ಬೆಲ್ಲದ ಕಾಫಿ ಹಿಡಿದುಕೊಂಡು ಪಕ್ಕ ಬಂದು ಕೂತರು. ಹ್ಯಾಲಿಬರ್ಟನ್‌ಗೆ ಗೇಮ್ 5ರಿಂದಲೇ ಮೀನಖಂಡದ ನೋವಿತ್ತು, ಆದರೂ ಶುರುವಿನಲ್ಲೇ 3 ತ್ರೀ ಹಾಕಿದ. ಆಮೇಲೆ ಮುಂದಕ್ಕೆ ಹೆಜ್ಜೆ ಇಡಲು ಹೋದವನು ಹಾಗೇ ಕುಸಿದ. ಯಾರೂ ಮುಟ್ಟಿಲ್ಲ. ನೆಲಕ್ಕೆ ಗುದ್ದುತ್ತಿದ್ದ. ದೊಡ್ಡಪ್ಪ ಲೋಟ ಕೆಳಗಿಟ್ಟು, "ಹಿಮ್ಮಡಿ ನರ ಹೋಯಿತು ಮಗ" ಅಂದರು, ಕಾಮೆಂಟರಿಯವರಿಗಿಂತ ಮೊದಲೇ. ಅಕಿಲೀಸ್. ಅದೇ ಪ್ಲೇಆಫ್‌ನಲ್ಲಿ ಮಿಲ್ವಾಕಿಯ ಲಿಲ್ಲರ್ಡ್‌ಗೂ ಬಾಸ್ಟನ್‌ನ ಟೇಟಮ್‌ಗೂ ಹರಿದಿದ್ದು ಅದೇ, ಮೂವರ ಜೆರ್ಸಿ ನಂಬರ್ ಕೂಡ 0. ಜಾತಕ ನೋಡುವವರಿಗೆ ಬಿಡುತ್ತೇನೆ.

ಅವನು ಆಡಬಾರದಿತ್ತು ಅನ್ನುವವರಿದ್ದಾರೆ. ಇರಬಹುದು. ಆದರೆ ಅವತ್ತು ಅವನು ಬೆಂಚ್ ಮೇಲೆ ಕೂತಿದ್ದರೆ ಮೊದಲು ಬೈಯುತ್ತಿದ್ದವನು ನಾನೇ, ಸುಮ್ನೆ ಸುಳ್ಳು ಯಾಕೆ ಹೇಳಲಿ.

ಅಷ್ಟಾದರೂ ಮೊದಲರ್ಧಕ್ಕೆ ನಾವು 48-47 ಮುಂದೆ. ಮೂರನೇ ಕ್ವಾರ್ಟರ್‌ನಲ್ಲಿ ದೊಡ್ಡಪ್ಪ ಫೋನ್ ಹತ್ತಿರ ಮುಖ ತಂದು, "ನಿಮ್ಮವರ ಮಂಡಿ ನೋಡು, ಯಾರೂ ಬಗ್ಗುತ್ತಿಲ್ಲ. ಹಾಕಿಯಲ್ಲೂ ಅಷ್ಟೇ, ಸುಸ್ತಾದವನು ನೆಟ್ಟಗೆ ನಿಲ್ಲುತ್ತಾನೆ" ಅಂದರು. ನೋಡಿದೆ. ನಿಜ. ನಾವು ನ್ಯೂಯಾರ್ಕ್‌ಗೆ ಮಾಡಿದ್ದನ್ನೇ ಥಂಡರ್ ನಮಗೆ ಮಾಡುತ್ತಿತ್ತು. 103-91. ಅವರ ಗೆಲುವನ್ನು ಲಕ್ ಅಂದರೆ ನನ್ನ ವಾದವೇ ಬಿದ್ದುಹೋಗುತ್ತದೆ, ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಮೈಲ್ಸ್ ಟರ್ನರ್ ವಿಷಯ ಮಾತ್ರ ಇನ್ನೂ ಗಂಟಲಿಗೆ ಸಿಕ್ಕಿಕೊಂಡಿದೆ. ನಮ್ಮಲ್ಲಿ 10 ಸೀಸನ್ ಇದ್ದವನು, 2025ರ ಜುಲೈನಲ್ಲಿ ಹೋಗಿ ಸೇರಿದ್ದು ಮಿಲ್ವಾಕಿಗೆ. ನಾವು ಎರಡು ವರ್ಷ ಮೊದಲ ರೌಂಡ್‌ನಲ್ಲೇ ಸೋಲಿಸಿದ ಅದೇ ಮಿಲ್ವಾಕಿಗೆ! ಹ್ಯಾಲಿಬರ್ಟನ್ 2025-26ರ ಸೀಸನ್ ಪೂರ್ತಿ ಇಲ್ಲ ಅಂತಾಯಿತು. ಸೋಲೇ ಜಾಸ್ತಿ ಅಂತ ಗೊತ್ತಿತ್ತು, ಆದರೂ ನಮ್ಮ ಇನ್ನೊಬ್ಬ ಗಾರ್ಡ್ ನೆಂಬ್‌ಹಾರ್ಡ್ ಒಬ್ಬನೇ ಬಾಲ್ ಹಿಡಿದು ತಂಡ ನಡೆಸುವುದನ್ನು ನನಗೆ ನೋಡಬೇಕಿತ್ತು.

ಪ್ರತಿ ಸಲ ಅಕ್ಟೋಬರ್‌ಗೆ ಸೀಸನ್ ಶುರು. ಅಷ್ಟರೊಳಗೆ ಇನ್ವರ್ಟರ್‌ಗೆ ಹೊಸ ಬ್ಯಾಟರಿ ಹಾಕಿಸಬೇಕು. ಅರ್ಧ ದುಡ್ಡು ದೊಡ್ಡಪ್ಪ ಕೊಡುತ್ತಾರಂತೆ, ಹಾಕಿ ಮ್ಯಾಚ್ ಇದ್ದ ದಿನ ಫೋನ್ ಅವರಿಗೆ ಕೊಡಬೇಕಂತೆ.