ಆಕ್ಸಿಜನ್ ಸೆನ್ಸರ್ ಕೋಡ್ ಬಂತಾ? ಹೊಸದು ತರೋ ಮೊದಲು ಇದನ್ನ ನೋಡಿ

ಎಕ್ಸಾಸ್ಟ್ ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಎಂಜಿನ್ ಕಂಪ್ಯೂಟರಿಗೆ ಹೇಳೋದೇ ಆಕ್ಸಿಜನ್ ಸೆನ್ಸರ್. ಚೆಕ್ ಎಂಜಿನ್ ಲೈಟ್ ಹತ್ತಿದೆ, ಸ್ಕ್ಯಾನರ್ ಹಾಕಿದ್ರೆ ಪಿ0135 ಅಂತ ತೋರಿಸ್ತಿದೆ. ಎಷ್ಟೋ ಕಡೆ ಇಲ್ಲಿಗೇ ತೀರ್ಮಾನ ಆಗಿಬಿಡುತ್ತೆ: "ಸೆನ್ಸರ್ ಹೋಗಿದೆ, ಹೊಸದು ಹಾಕ್ಸಿ." ಸ್ವಲ್ಪ ತಡೀರಿ. ಈ ಕೋಡ್ ಹೇಳೋದು ಮುಂದಿನ ಸೆನ್ಸರಿನ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು, ಎಂಜಿನ್ ಕಡೆ ಇರೋದು) ಹೀಟರ್ ಸರ್ಕ್ಯೂಟಲ್ಲಿ ತೊಂದರೆ ಇದೆ ಅಂತ, ಅಷ್ಟೇ. ಹೋಗಿರೋದು ಸೆನ್ಸರೇ ಇರಬಹುದು. ಫ್ಯೂಸ್ ಇರಬಹುದು, ಎಕ್ಸಾಸ್ಟ್ ಪೈಪಿಗೆ ತಾಗಿ ಸುಟ್ಟ ವೈರೂ ಇರಬಹುದು.

ಇಲ್ಲಿ ಹೇಳ್ತಿರೋದು ಬಿಎಸ್4 (ಹೊಗೆ ನಿಯಮದ ಒಂದು ಹಂತ) ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಸಿಗೋ ನಾಲ್ಕು ವೈರಿನ ಜಿರ್ಕೋನಿಯಾ (ಒಂದು ಬಗೆಯ ಸೆರಾಮಿಕ್) ಸೆನ್ಸರ್ ಬಗ್ಗೆ. ಇದು ಸುಮಾರು 300 ಡಿಗ್ರಿ ಬಿಸಿಯಾದ ಮೇಲೇ ಸರಿಯಾಗಿ ಓದೋದು, ಅದಕ್ಕೇ ಒಳಗೊಂದು ಹೀಟರ್. ಬಾಷ್ ಸೆನ್ಸರಲ್ಲಿ ಸಾಮಾನ್ಯವಾಗಿ ಎರಡು ಬಿಳಿ ವೈರ್ ಹೀಟರಿಗೆ, ಕಪ್ಪು ಸಿಗ್ನಲ್, ಬೂದು ಸಿಗ್ನಲ್ ಅರ್ತ್. ಡೆನ್ಸೊದಲ್ಲಿ ಎರಡು ಕಪ್ಪು ವೈರೇ ಹೀಟರ್, ನೀಲಿ ಸಿಗ್ನಲ್! ಹಾಗಾಗಿ ಯಾವ ಕಂಪನಿದು ಅಂತ ನೋಡದೆ ಬರೀ ಬಣ್ಣ ನಂಬಬೇಡಿ.

ಮೊದಲು ಫ್ಯೂಸ್. ಆಮೇಲೆ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರನ್ನ ಓಮ್ಸಿಗೆ ಇಟ್ಟು, ಸೆನ್ಸರ್ ಕಡೆಯ ಎರಡು ಹೀಟರ್ ಪಿನ್ ನಡುವೆ ಅಳೀರಿ. ತಣ್ಣಗಿದ್ದಾಗ ಕೆಲವು ಓಮ್ಸಿಂದ ಹದಿನೈದರ ಆಸುಪಾಸು ಬರುತ್ತೆ. ನಿಮ್ಮ ಗಾಡಿದು ಇಷ್ಟೇ ಅನ್ನೋ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ. ಓಪನ್ (ಒಳಗೆ ಕಡಿದುಹೋಗಿ ಅಳತೆಯೇ ಬರದ ಹಾಗೆ) ತೋರಿಸಿದ್ರೆ ಹೀಟರ್ ಸುಟ್ಟಿದೆ, ಸೆನ್ಸರ್ ಬದಲಿಸಲೇಬೇಕು. ರೆಸಿಸ್ಟೆನ್ಸ್ ಸರಿ ಇದ್ರೆ ಗಾಡಿ ಕಡೆಯ ಕನೆಕ್ಟರ್ ನೋಡಿ: ಎಂಜಿನ್ ಓಡ್ತಿರುವಾಗ ಒಂದು ಹೀಟರ್ ಪಿನ್ನಲ್ಲಿ ಬ್ಯಾಟರಿ ವೋಲ್ಟೇಜ್ ಬರಬೇಕು. ಬರ್ತಿಲ್ಲ ಅಂದ್ರೆ ಹೊಸ ಸೆನ್ಸರ್ ಹಾಕಿದ್ರೂ ಲೈಟ್ ಮತ್ತೆ ಹತ್ತುತ್ತೆ.

ಕೋಡ್ ಪಿ0133 ಆಗಿದ್ರೆ, ಅಂದ್ರೆ ಸೆನ್ಸರ್ ನಿಧಾನ ಅಂತ ಬಂದಿದ್ರೆ, ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಸೆನ್ಸರ್ ವೋಲ್ಟೇಜಿನ ಗ್ರಾಫ್ ಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡೀರಿ. ಗ್ರಾಫಿನ ಗೆರೆ 0.1ರಿಂದ 0.9 ವೋಲ್ಟ್ ನಡುವೆ ಪಟಪಟ ಅಂತ ಮೇಲೆ ಕೆಳಗೆ ಓಡ್ತಿರಬೇಕು. ಇದು ಆರೋಗ್ಯವಾಗಿರೋ ಸೆನ್ಸರ್. ಸೋಮಾರಿಯಾದದ್ದು ಎಳೆದು ಎಳೆದು ಏರುತ್ತೆ, ಇಲ್ಲಾ 0.45ರ ಹತ್ತಿರ ಸುಮ್ಮನೆ ನಿಂತುಬಿಡುತ್ತೆ. ಕನ್ವರ್ಟರ್ ಆದ ಮೇಲಿರೋ ಹಿಂದಿನ ಸೆನ್ಸರ್ ಮಾತ್ರ 0.6, 0.7ರಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ನಿಂತಿರಬೇಕು. ಅದು ಓಡಾಡ್ತಿಲ್ಲ ಅಂತ ಕಿತ್ತು ಬಿಸಾಡಬೇಡಿ.

ಮುಂದಿನ ಸೆನ್ಸರಿನ ಗೆರೆ ಕೆಳಗೇ, ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಕಡೆಯೇ ಅಂಟಿಕೊಂಡಿದ್ರೆ ಆಕ್ಸಲರೇಟರ್ ಒಮ್ಮೆ ಜೋರಾಗಿ ಒತ್ತಿ ಬಿಡಿ. ತಕ್ಷಣ 0.8 ದಾಟಿದ್ರೆ ಸೆನ್ಸರ್ ಬದುಕಿದೆ, ಎಂಜಿನ್ನೇ ಲೀನ್ ಓಡ್ತಿದೆ. ಆಗ ವ್ಯಾಕ್ಯೂಮ್ ಹೋಸ್ ಎಲ್ಲಾದ್ರೂ ಸೋರ್ತಿದೆಯಾ ಹುಡುಕಿ, ಫ್ಯೂಯಲ್ ಪ್ರೆಶರ್ ನೋಡಿ. ಎಂಜಿನ್ನಿಗೂ ಸೆನ್ಸರಿಗೂ ನಡುವೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರ್ತಿದ್ರೂ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸುಳ್ಳೇ ಲೀನ್ ತೋರಿಸುತ್ತೆ.

ಈಗ ಬಿಚ್ಚೋದು. ಎಂಜಿನ್ ಉಗುರುಬೆಚ್ಚಗಿರಲಿ. ಥ್ರೆಡ್ಡಿಗೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು, ವೈರ್ ಹೊರಗೆ ಬರೋಕೆ ಸೀಳು ಇರೋ 22 ಎಂಎಂ ಸಾಕೆಟಲ್ಲಿ ತಿರುಗಿಸಿ. ತೆಗೆದ ಸೆನ್ಸರಿನ ತುದಿ ಹತ್ತಿರದಿಂದ ನೋಡಿ. ಒಣ ಕಪ್ಪು ಮಸಿ ಇದ್ರೆ ಮಿಕ್ಸ್ಚರ್ ರಿಚ್, ಅಂದ್ರೆ ಪೆಟ್ರೋಲ್ ಜಾಸ್ತಿ. ಬಿಳಿ ಪುಡಿ ಅಂಟಿದ್ರೆ ಸಿಲಿಕಾನ್ ಸೀಲೆಂಟ್, ಇಲ್ಲಾ ಹೆಡ್ ಗ್ಯಾಸ್ಕೆಟಿಂದ ಸೋರಿದ ಕೂಲೆಂಟ್. ಆ ಕಾರಣ ಸರಿ ಮಾಡದಿದ್ರೆ ಹೊಸದೂ ಅದೇ ಥರ ಹಾಳಾಗುತ್ತೆ.

ಹೊಸ ಸೆನ್ಸರ್ ಕೆಳಗೆ ಬೀಳಿಸಬೇಡಿ, ಒಳಗಿರೋದು ಸೆರಾಮಿಕ್. ಆಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದ ಹಾಗೆ ಹಚ್ಚೋ ಪೇಸ್ಟ್) ಕಂಪನಿಯವರೇ ಹಚ್ಚಿದ್ರೆ ಮತ್ತೆ ಬೇಡ. ಹಚ್ಚೋದಾದ್ರೆ ಥ್ರೆಡ್ಡಿಗೆ ಮಾತ್ರ, ತುದಿಗೆ ತಾಗಬಾರದು. ಕೈಯಲ್ಲೇ ಕೂರಿಸಿ, ಆಮೇಲೆ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಬಿಗಿ ಮಾಡಿ. ಕನೆಕ್ಟರಿಗೆ ಗ್ರೀಸ್ ತುಂಬಬೇಡಿ. ವೈರ್ ಜೋಡಿಸಬೇಕಾದ್ರೆ ಬೆಸುಗೆ ಬೇಡ, ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿಟ್ಟು ಒತ್ತಿ ಬಿಗಿ ಮಾಡಿ): ಹೋಲಿಸಿ ನೋಡೋಕೆ ಬೇಕಾದ ಹೊರಗಿನ ಗಾಳಿ ಎಷ್ಟೋ ಸೆನ್ಸರುಗಳಿಗೆ ಹೋಗೋದೇ ವೈರಿನ ಎಳೆಗಳ ನಡುವಿನಿಂದ.

ಕೊನೆಗೆ ಕೋಡ್ ಅಳಿಸಿ, ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ, ಊರೊಳಗೂ ಹೈವೇಲೂ ಸ್ವಲ್ಪ ಓಡಿಸಿ. ಸ್ಕ್ಯಾನರಲ್ಲಿ ಆಕ್ಸಿಜನ್ ಸೆನ್ಸರ್ ಹೀಟರ್ ಮಾನಿಟರ್ "ರೆಡಿ" ಅಂತ ಬಂದು, ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹತ್ತಿಸದ ಕೋಡ್) ಏನೂ ಇಲ್ಲದಿದ್ರೆ ಮಾತ್ರ ಕೆಲಸ ಮುಗೀತು ಅನ್ನಿ.