ಅಪ್ಪನ ಮಾತು ಅಮ್ಮನಿಗೆ, ಅಮ್ಮನ ಮಾತು ಅಪ್ಪನಿಗೆ

ಕೇಳುಗರಿಗೆ ನಮಸ್ಕಾರ.

ತಮ್ಮನ ಮದುವೆ ಗೊತ್ತಾಗಿದೆ. ಅಣ್ಣನಿಗೆ ಖುಷಿಯಾಗಬೇಕು, ಅಲ್ವಾ? ಅವನಿಗೆ ದಿಗಿಲು ಶುರುವಾಗುತ್ತದೆ. ಮದುವೆಗೆ ಅಪ್ಪ ಅಮ್ಮ ಇಬ್ಬರೂ ಬರಬೇಕು ಎಂಬುದು ತಮ್ಮನ ಆಸೆ. ಆ ಇಬ್ಬರೂ ಬೇರೆಯಾಗಿ ಎಷ್ಟೋ ವರ್ಷಗಳಾಗಿವೆ. ಒಬ್ಬರ ಹೆಸರೆತ್ತಿದರೆ ಇನ್ನೊಬ್ಬರು ಕೆಂಡವಾಗುತ್ತಾರೆ. ಅವರನ್ನು ಒಪ್ಪಿಸುವ ಕೆಲಸ ಅಣ್ಣನ ತಲೆಗೆ ಬರುತ್ತದೆ. ಧಾರೆಯ ಹೊತ್ತಿಗೆ ಹೆತ್ತವರು ಜೊತೆಯಲ್ಲಿ ನಿಲ್ಲಬೇಕು ಎಂಬ ಹಂಬಲ ನಮಗೆ ಹೊಸದಲ್ಲ. ಅಮೆರಿಕದ ಈ ಹುಡುಗನ ಆಸೆಯೂ ಅದೇ.

ಇದು 2013ರ ಹಾಸ್ಯಚಿತ್ರ ‘ಎ.ಸಿ.ಒ.ಡಿ.’ಯ ಕಥೆ. ಅಪ್ಪ ಅಮ್ಮನ ವಿಚ್ಛೇದನ ಕಂಡು, ಈಗ ದೊಡ್ಡವರಾಗಿರುವ ಮಕ್ಕಳು ಎಂಬುದು ಆ ಹೆಸರಿನ ಅರ್ಥ. ನಿರ್ದೇಶಕ ಸ್ಟು ಜಿಕರ್‌ಮನ್. ಅಣ್ಣ ಕಾರ್ಟರ್ ಆಗಿ ಆಡಂ ಸ್ಕಾಟ್ ನಟಿಸಿದ್ದಾರೆ. ಅಪ್ಪ ರಿಚರ್ಡ್ ಜೆಂಕಿನ್ಸ್, ಅಮ್ಮ ಕ್ಯಾಥರಿನ್ ಒಹಾರಾ. ಇಬ್ಬರ ಜಗಳದ ದೃಶ್ಯಗಳಲ್ಲಿ ನಾನು ಜೋರಾಗಿ ನಕ್ಕಿದ್ದೇನೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದವನು ಕಾರ್ಟರ್. ಅವನೊಂದು ರೆಸ್ಟೋರೆಂಟ್ ನಡೆಸುತ್ತಾನೆ. ಮನೆಯಲ್ಲಿ ಏನೇ ಎಡವಟ್ಟಾದರೂ ಎಲ್ಲರೂ ಅವನನ್ನೇ ಹುಡುಕುತ್ತಾರೆ. ಇಂಥ ಮಕ್ಕಳನ್ನು ನೀವೂ ನೋಡಿರುತ್ತೀರಿ. ಅಪ್ಪನ ಮಾತು ಅಮ್ಮನಿಗೆ, ಅಮ್ಮನ ಮಾತು ಅಪ್ಪನಿಗೆ ಮುಟ್ಟಿಸುತ್ತಾ, ಕಹಿ ಮಾತನ್ನು ದಾರಿಯಲ್ಲೇ ನುಂಗುತ್ತಾ ಬೆಳೆದವರು. ‘ಎಷ್ಟು ಜಾಣ ಹುಡುಗ’ ಎಂದು ನೆಂಟರು ಹೊಗಳುತ್ತಾರೆ. ಅವನಿಗೆ ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ಕಾರ್ಟರ್ ಕೂಡ ತನಗೆ ಏನೂ ಆಗಿಲ್ಲ ಎಂದೇ ನಂಬಿದ್ದಾನೆ. ಆದರೆ ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಲು ಅವನಿಗೆ ಧೈರ್ಯ ಬರುತ್ತಿಲ್ಲ.

ದಿಕ್ಕು ತೋಚದೆ, ಚಿಕ್ಕವನಿದ್ದಾಗ ತನ್ನನ್ನು ಮಾತಾಡಿಸುತ್ತಿದ್ದ ಡಾಕ್ಟರ್ ಜೂಡಿತ್ ಬಳಿ ಹೋಗುತ್ತಾನೆ. ಆಗ ಗೊತ್ತಾಗುತ್ತದೆ, ಆಕೆ ಚಿಕಿತ್ಸೆ ಕೊಡುವವಳಾಗಿರಲಿಲ್ಲ. ಸಂಶೋಧನೆಗಾಗಿ ಮಕ್ಕಳನ್ನು ಮಾತಾಡಿಸುತ್ತಿದ್ದಳು. ಅವನು ಮನಸ್ಸು ಬಿಚ್ಚಿ ಹೇಳಿದ್ದೆಲ್ಲ ಪುಸ್ತಕವಾಗಿ ಅಚ್ಚಾಗಿದೆ! ತನ್ನ ಬಾಲ್ಯವನ್ನು ಅವನು ಬೇರೆಯವರ ಅಕ್ಷರದಲ್ಲಿ ಓದಬೇಕಾಗುತ್ತದೆ. ಚಿತ್ರದ ಜೀವ ಇಲ್ಲಿದೆ ಎನಿಸುತ್ತದೆ ನನಗೆ.

ಇದು ಸುಮ್ನೆ ಕಟ್ಟಿದ ಕಥೆಯ ಹಾಗೆ ಕಂಡರೂ, ಇದಕ್ಕೆ ಹತ್ತಿರದ ಸಂಗತಿಯೊಂದು ನಿಜವಾಗಿಯೂ ನಡೆದಿದೆ. ತಪ್ಪು ಯಾರದು ಎಂದು ಸಾಬೀತು ಮಾಡದೆಯೇ ವಿಚ್ಛೇದನ ಪಡೆಯಬಹುದು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಜಾರಿಗೆ ಬಂತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಮನೋವಿಜ್ಞಾನಿ ಜೂಡಿತ್ ವಾಲರ್‌ಸ್ಟೈನ್ 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿಯೇ, ಅಪ್ಪ ಅಮ್ಮ ಬೇರೆಯಾದ 60 ಕುಟುಂಬಗಳ 131 ಮಕ್ಕಳನ್ನು ಮಾತಾಡಿಸಲು ಶುರು ಮಾಡಿದರು. 25 ವರ್ಷ ಕಳೆದರೂ ಬಿಡದೆ ಆ ಮಕ್ಕಳನ್ನು ಹುಡುಕಿಕೊಂಡು ಹೋದರು. ಅವರು ಹೇಳಿದ್ದಿಷ್ಟು: ಅಪ್ಪ ಅಮ್ಮ ಬೇರೆಯಾದ ಪೆಟ್ಟು ಆಗಲೇ ಪೂರ್ತಿ ಕಾಣುವುದಿಲ್ಲ. ಆ ಮಗು ಬೆಳೆದು, ತಾನೇ ಒಬ್ಬರನ್ನು ಪ್ರೀತಿಸಲು ಹೊರಟಾಗ ಅದು ಎದ್ದು ಬರುತ್ತದೆ. ಈ ಮಾತನ್ನು ಒಪ್ಪದವರೂ ಇದ್ದಾರೆ. ವಾಲರ್‌ಸ್ಟೈನ್ ನೋಡಿದ್ದು ಒಂದೇ ಊರಿನ ಸುತ್ತಿನ ಅನುಕೂಲಸ್ಥರ ಮನೆಗಳನ್ನು, ಅದನ್ನೇ ಎಲ್ಲರಿಗೂ ಹೇಗೆ ಅನ್ವಯಿಸುವುದು ಎನ್ನುತ್ತಾರೆ. ಆ ಪ್ರಶ್ನೆ ಸರಿಯೇ. ಆದರೂ ಕಾರ್ಟರ್‌ನನ್ನು ನೋಡುವಾಗ ವಾಲರ್‌ಸ್ಟೈನ್ ಮಾತು ನನಗೆ ಮತ್ತೆ ಮತ್ತೆ ನೆನಪಾಯಿತು.

ಇನ್ನು ಮದುವೆಯ ವಿಷಯ. ಕಾರ್ಟರ್ ಹೇಗೋ ಅಪ್ಪ ಅಮ್ಮನನ್ನು ಎದುರುಬದುರು ಕೂರಿಸುತ್ತಾನೆ. ಆಮೇಲೆ ಆಗುವುದೇ ಬೇರೆ. ಇಬ್ಬರಿಗೂ ಬೇರೆ ಸಂಸಾರಗಳಿವೆ. ಆದರೂ ಗುಟ್ಟಾಗಿ ಮತ್ತೆ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ! ಚಿಕ್ಕಂದಿನಲ್ಲಿ ಪ್ರತಿ ಮಗುವೂ ಬೇಡಿಕೊಳ್ಳುವುದು ಇದನ್ನೇ ಅಲ್ವಾ? ಕಾರ್ಟರ್ ಮಾತ್ರ ಕುಸಿದುಹೋಗುತ್ತಾನೆ. ಅವರ ಜಗಳದ ಸುತ್ತಲೇ ಅವನು ತನ್ನ ಬದುಕು ಕಟ್ಟಿಕೊಂಡಿದ್ದ. ಈಗ ಜಗಳವೇ ಇಲ್ಲ. ಹಾಗಾದರೆ ಇಷ್ಟು ವರ್ಷ ತಾನು ಹೊತ್ತದ್ದೇನು?

ಚಿತ್ರದಲ್ಲಿ ಕೊರತೆ ಇಲ್ಲವೆಂದಲ್ಲ. ಅದೇ ಪುಸ್ತಕದಲ್ಲಿರುವ ಇನ್ನೊಬ್ಬ ಹುಡುಗಿಯಾಗಿ ಜೆಸಿಕಾ ಆಲ್ಬಾ ಬರುತ್ತಾರೆ. ಆ ಪಾತ್ರಕ್ಕೆ ಇನ್ನೂ ಜಾಸ್ತಿ ಜಾಗ ಬೇಕಿತ್ತು. ಅವಳ ನೋವೂ ಅಷ್ಟೇ ದೊಡ್ಡದು.

ಎಲ್ಲಾದರೂ ಈ ಚಿತ್ರ ಸಿಕ್ಕಿದರೆ, ಕಥೆ ಮುಗಿದು ಹೆಸರುಗಳು ಬರತೊಡಗಿದ ಕೂಡಲೇ ಏಳಬೇಡಿ. ಆ ಚಿತ್ರಕ್ಕಾಗಿ ತೆರೆಯ ಹಿಂದೆ ದುಡಿದವರು ಕ್ಯಾಮೆರಾ ಮುಂದೆ ಬರುತ್ತಾರೆ. ತಮ್ಮ ತಮ್ಮ ಅಪ್ಪ ಅಮ್ಮ ಬೇರೆಯಾದ ಬಗ್ಗೆ ತಮ್ಮದೇ ಮಾತಿನಲ್ಲಿ ಹೇಳುತ್ತಾರೆ. ಅಷ್ಟು ಹೊತ್ತು ನಕ್ಕ ನಾನು, ಅವರ ಮಾತು ಮುಗಿಯುವವರೆಗೆ ಅಲ್ಲಾಡದೆ ಕೂತಿದ್ದೆ.

ನಮಸ್ಕಾರ.