ಲಂಟಾನ ಗುರುತಿಸೋದು ಹೇಗೆ? ಹೂವಲ್ಲ, ಕಾಂಡ ನೋಡಿ

[ತೆರೆಯ ಮೇಲೆ: ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಹೂಗಳು]

ಈ ಹೂವನ್ನ ನೀವು ನೋಡೇ ಇರ್ತೀರ. ಲಂಟಾನ. ಅಮೆರಿಕದ ಉಷ್ಣವಲಯದ ಗಿಡ. 17ನೇ ಶತಮಾನದಲ್ಲಿ ಡಚ್ಚರು ಇದನ್ನ ಯುರೋಪಿನ ತೋಟಗಳಿಗೆ ಒಯ್ದರು. 19ನೇ ಶತಮಾನದ ಶುರುವಿನಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೂ ಬಂತು. ಬಂದಿದ್ದು ಅಂದಕ್ಕೆ, ಈಗ ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಕಾಡುಗಳಲ್ಲಿ ಕಿತ್ತಷ್ಟೂ ಮುಗಿಯದ ಕಳೆ.

ಗುರುತಿಸೋಕೆ ಎಲ್ಲರೂ ಮೊದಲು ಹೂವಿನ ಬಣ್ಣ ನೋಡ್ತಾರೆ. ಎಡವೋದೇ ಅಲ್ಲಿ. ತಳಿಯಿಂದ ತಳಿಗೆ ಬಣ್ಣ ಬೇರೆ. ಸಾಲದ್ದಕ್ಕೆ, ಒಂದೇ ಹೂವು ದಿನ ಕಳೆದಂತೆ ಬಣ್ಣ ಬದಲಿಸುತ್ತೆ.

[ಗೊಂಚಲು ಹತ್ತಿರದಿಂದ]

ನಡುವಿನ ಹಳದಿ ಹೂಗಳು ಈಗಷ್ಟೇ ಅರಳಿದವು. ಮಕರಂದ ಇರೋದು ಅವುಗಳಲ್ಲಿ. ಸುತ್ತಲಿನ ಗುಲಾಬಿಯವು ಹಳೆಯವು, ಅವುಗಳ ಕೆಲಸ ಮುಗಿದಿದೆ. ಆದರೂ ಉದುರಲ್ಲ! ಗೊಂಚಲು ದೊಡ್ಡದಾಗಿ ಕಂಡಷ್ಟೂ ದೂರದ ಚಿಟ್ಟೆಗೂ ಕಾಣುತ್ತೆ. ಹತ್ತಿರ ಬಂದ ಚಿಟ್ಟೆ ಹಳದಿಗೇ ಬಾಯಿ ಹಾಕುತ್ತೆ. ಕಳೆ ಅಂತ ಬೈಯೋರೂ ಮೆಚ್ಚಬೇಕಾದ ಜಾಣತನ.

ಹಾಗಾದರೆ ನೋಡಬೇಕಾದ್ದೇನು? ಕಾಂಡ. ಎಳೆಯ ರೆಂಬೆಯನ್ನ ಬೆರಳಲ್ಲಿ ಹೊರಳಿಸಿ, ನಾಲ್ಕು ಮೂಲೆ ಸಿಗುತ್ತೆ. ಹುಷಾರು, ಆ ಏಣುಗಳ ಮೇಲೆ ಕೊಕ್ಕೆಯಂಥ ಮುಳ್ಳು ಇರಬಹುದು. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ, ಅಂಚು ಗರಗಸ, ಮೇಲ್ಮೈ ಸ್ಯಾಂಡ್‌ಪೇಪರ್ ಥರ ಒರಟು. ಹಿಸುಕಿ ಮೂಸಿದರೆ ಘಾಟು ವಾಸನೆ. ಒಮ್ಮೆ ಮೂಸಿದವರು ಮರೆಯಲ್ಲ. ಕಾಯಿ ಹಸಿರು, ಹಣ್ಣಾದರೆ ಮಿರುಗುವ ಕಪ್ಪು.

ಬರೀ ನೇರಳೆ ಹೂ ಬಿಟ್ಟು, ಮುಳ್ಳಿಲ್ಲದೆ ನೆಲದ ಮೇಲೆ ಹಬ್ಬಿದ್ದರೆ ಅದು ಇದರದೇ ಕುಲದ ಬೇರೆ ಜಾತಿ. ಇನ್ನು 'ಬೀಜ ಕಟ್ಟಲ್ಲ' ಅಂತ ಮಾರೋ ತೋಟದ ತಳಿಗಳನ್ನ ನಾನಂತೂ ಪೂರ್ತಿ ನಂಬಲ್ಲ. ಅವುಗಳಲ್ಲಿ ಕೆಲವು ಕಾಯಿ ಬಿಡುತ್ತವೆ, ಕೆಲವುಗಳ ಪರಾಗ ಕಾಡುಗಿಡದ ಜೊತೆ ಬೆರೆಯುತ್ತೆ.

ದನ ಮೇಯೋ ಜಾಗದಲ್ಲಿದ್ದರೆ ತಡಮಾಡಬೇಡಿ. ಎಲೆಯಲ್ಲಿರೋ ವಿಷ ಯಕೃತ್ತನ್ನ ಕೆಡಿಸುತ್ತೆ, ಆಮೇಲೆ ಬಿಸಿಲು ಬಿದ್ದ ಕಡೆ ಚರ್ಮ ಹುಣ್ಣಾಗುತ್ತೆ.

[ಗುದ್ದಲಿ, ದಪ್ಪ ಕೈಗವಸು]

ಮೇಲೆ ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ, ಸುಟ್ಟರೂ ಅಷ್ಟೆ. ಕಾಂಡ ಬೇರಿಗೆ ಸೇರೋ ಜಾಗ ಮಣ್ಣಿನೊಳಗಿರುತ್ತೆ, ಅದಕ್ಕಿಂತ ಕೆಳಗೆ ಕತ್ತರಿಸಿ, ಬುಡಮೇಲು ಮಾಡಿ ಒಣಗಿಸಿ. ಹಣ್ಣಾಗೋ ಮುಂಚೆಯೇ ಈ ಕೆಲಸ ಮುಗಿದರೆ ಒಳ್ಳೇದು, ಬೀಜ ಹರಡೋದು ಹಕ್ಕಿಗಳು. ಹಾಗಾಗಿ ಮಳೆ ಬಿದ್ದ ಮೇಲೆ ಮತ್ತೆ ಹೋದಾಗ, ಹಕ್ಕಿ ಕೂರೋ ಮರದ ಬುಡ, ಬೇಲಿ ಸಾಲು ಮೊದಲು ನೋಡಿ. ಎಳೆ ಸಸಿ ಆಗಿದ್ದರೆ ಗುದ್ದಲಿಯೂ ಬೇಡ, ಕೈಯಲ್ಲೇ ಬರುತ್ತೆ.